ಇಳಿಜಾರಿನಲ್ಲಿ ಕಲಿತ ಕೆಲಸ: ಕೊಡಗಿನ ಒಂದು ಬಡಾವಣೆ ಉದ್ಯಾನದ ಪ್ರಕರಣ ಅಧ್ಯಯನ

ಹಿನ್ನೆಲೆ

ಓದು ನಿಲ್ಲಿಸಿದ ಯುವಜನರಿಗೆ ಕಳೆ ತೆಗೆಯುವ, ಗಿಡ ನೆಟ್ಟು ಬೆಳೆಸುವ ಕೆಲಸ ಕಲಿಸಲು ಹೊರಟ ಈ ಪ್ರಕರಣ ನಡೆದದ್ದು ಕೊಡಗಿನ ಒಂದು ಸಣ್ಣ ಪಟ್ಟಣದ ಬಡಾವಣೆಯ ಉದ್ಯಾನದಲ್ಲಿ. ಪಟ್ಟಣದ ಹೆಸರನ್ನೂ ಅಲ್ಲಿ ದುಡಿದವರ ಹೆಸರುಗಳನ್ನೂ ಬಿಟ್ಟಿದ್ದೇನೆ. ಗುರುತು ಹಿಡಿಯಲು ದಾರಿಯಾಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೂರು ವರ್ಷ ಈ ಕೆಲಸದ ಸಂಯೋಜಕಿಯಾಗಿದ್ದೆನಾದ್ದರಿಂದ ಇಲ್ಲಿ ಬರೆದಿರುವ ತಪ್ಪು ನಿರ್ಧಾರಗಳಲ್ಲಿ ಹಲವು ನನ್ನವೇ. ಬೇರೆ ಊರುಗಳಲ್ಲಿ ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ನಾವು ಯಾವ ಹಂತದಲ್ಲಿ ಏನನ್ನು ನಿರ್ಧರಿಸಿದೆವು, ಅದರಿಂದ ಏನಾಯಿತು ಎಂಬುದು ತಿಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಉದ್ಯಾನ ಸುಮಾರು ಎರಡೂವರೆ ಎಕರೆ. ಮೇಲಿನ ಮುಕ್ಕಾಲು ಎಕರೆ ಸಮತಟ್ಟು. ಅಲ್ಲಿ ಹುಲ್ಲುಹಾಸು, ಜೋಕಾಲಿ, ನಾಲ್ಕು ಕಲ್ಲುಬೆಂಚುಗಳು. ಉಳಿದದ್ದೆಲ್ಲ ಇಳಿಜಾರು, ಅದರ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ತೋಡು ಹರಿಯುತ್ತದೆ. ಮೂವತ್ತು ವರ್ಷಗಳ ಹಿಂದೆ ಆ ತೋಡಿನ ದಂಡೆಯಲ್ಲಿ ಹೊಳೆಮತ್ತಿ, ಅತ್ತಿ, ನೇರಳೆ, ಬೈನೆ ಇದ್ದವೆಂದು ಹಿರಿಯ ನಿವಾಸಿಗಳು ಹೇಳುತ್ತಿದ್ದರು. ನಾವು ಹೋಗುವ ಹೊತ್ತಿಗೆ ಎರಡು ಹೊಳೆಮತ್ತಿ, ಒಂದು ಅತ್ತಿ ಮಾತ್ರ ಉಳಿದಿದ್ದವು. ಇಳಿಜಾರಿನ ತುಂಬ ಆಳೆತ್ತರದ ಲಂಟಾನ, ಅದರ ಸಂದಿಯಲ್ಲಿ ಕಮ್ಯುನಿಸ್ಟ್ ಗಿಡವೆಂಬ ಕಳೆ. ಅಂದಕ್ಕೆಂದು ಯಾರೋ ಹಿಂದೆ ನೆಟ್ಟಿದ್ದ ಹಳದಿ ಹೂವಿನ ವೆಡೇಲಿಯ ಬಳ್ಳಿ ಮೇಲಿನಿಂದ ಇಳಿದು ತೋಡಿನ ಅಂಚಿನವರೆಗೆ ಚಾಪೆಯಂತೆ ಹರಡಿತ್ತು. ಲಂಟಾನವೂ ಹಾಗೆಯೇ ಬಂದದ್ದು: ಅಮೆರಿಕದ ಉಷ್ಣವಲಯದ ಈ ಗಿಡ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ಬಂದು, ಹಕ್ಕಿಗಳ ಹೊಟ್ಟೆಯ ಮೂಲಕ ದೇಶದ ಕಾಡುಗಳನ್ನೆಲ್ಲ ಹೊಕ್ಕಿತು.

ಯುವಕರ ವಿಷಯ ಬೇರೆಯೇ. ಪಟ್ಟಣದ ಅಂಚಿನ ಕಾಲೊನಿಗಳಲ್ಲಿಯೂ ಸುತ್ತಲಿನ ತೋಟಗಳಲ್ಲಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್‌ಮನೆಗಳಲ್ಲಿಯೂ ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿಗೆ ಓದು ನಿಲ್ಲಿಸಿದ ಹುಡುಗ ಹುಡುಗಿಯರು ಬಹಳ ಮಂದಿ ಇದ್ದರು. ಕಾಫಿ ಕೊಯ್ಲಿನ ಮೂರು ನಾಲ್ಕು ತಿಂಗಳು ಅವರಿಗೆ ಕೈತುಂಬ ಕೆಲಸ. ಉಳಿದ ದಿನಗಳಲ್ಲಿ ಸಿಕ್ಕಿದ್ದೇ ಕೂಲಿ. ಹೆತ್ತವರು ತೋಟದಲ್ಲಿ ದುಡಿದವರೇ ಆದರೂ ಮಕ್ಕಳು ತೋಟದ ಕೆಲಸವನ್ನು ಒಂದು ವಿದ್ಯೆಯೆಂದು ನೋಡುತ್ತಿರಲಿಲ್ಲ. ಅವರು ಹಾಗೆ ನೋಡುವಂತೆ ಯಾರೂ ಮಾಡಿರಲಿಲ್ಲ ಎಂಬುದೂ ನಿಜ.

ಕಳೆ ತುಂಬಿದ ಇಳಿಜಾರು, ಖಾಯಂ ಕೆಲಸವಿಲ್ಲದ ಯುವಜನ, ಈ ಎರಡನ್ನೂ ಒಟ್ಟಿಗೆ ತರುವ ಯೋಚನೆ ನಮ್ಮ ಸಣ್ಣ ಗುಂಪಿನದು. ಸ್ಥಳೀಯ ದಾನಿಗಳಿಬ್ಬರು ಮೊದಲಿಗೆ ಒಂದು ವರ್ಷದ ದಿನಭತ್ಯೆಗೆ ಹಣ ಕೊಟ್ಟರು. ಉದ್ಯಾನದ ಒಡೆತನವಿದ್ದ ಸ್ಥಳೀಯ ಸಂಸ್ಥೆ ಹಣ ಕೊಡಲಿಲ್ಲ, ಲಿಖಿತ ಅನುಮತಿ ಕೊಟ್ಟಿತು. ಈ ಲಿಖಿತ ಅನುಮತಿಯನ್ನು ಹಗುರವಾಗಿ ಕಾಣಬಾರದು. ಸಾರ್ವಜನಿಕ ಉದ್ಯಾನಗಳಿಗೆ 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಕಾಯ್ದೆಯಿದೆ. ಮರ ಕಡಿಯುವುದಕ್ಕೆ 1976ರ ಮರ ಸಂರಕ್ಷಣಾ ಕಾಯ್ದೆಯಿದೆ. ಪೊದೆ ತೆಗೆಯಲು ಮಾತ್ರ ಅನುಮತಿ, ಯಾವ ಮರಕ್ಕೂ ಕತ್ತಿ ತಾಗಿಸುವಂತಿಲ್ಲ ಎಂಬ ಒಂದು ಸಾಲನ್ನು ನಾವೇ ಕೇಳಿ ಬರೆಸಿಕೊಂಡೆವು. ಮುಂದೆ ದೂರುಗಳು ಬಂದಾಗ ನಮ್ಮನ್ನು ಕಾಪಾಡಿದ್ದು ಆ ಸಾಲು.

ಮೊದಲ ವರ್ಷದ ಲೆಕ್ಕಾಚಾರ

ಹದಿನಾಲ್ಕು ಮಂದಿಯನ್ನು ಆರಿಸಿದೆವು; ಎಂಟು ಯುವಕರು, ಆರು ಯುವತಿಯರು. ಎಲ್ಲರಿಗೂ ಹದಿನೆಂಟು ತುಂಬಿತ್ತು. ಹದಿನೇಳರ ಇಬ್ಬರು ತಾಯಂದಿರ ಜೊತೆ ಬಂದು ಕೇಳಿಕೊಂಡರೂ ಹಾರೆ, ಪಿಕಾಸಿ, ಹಾವಿನ ಭಯವಿರುವ ಇಳಿಜಾರು ಇದಾದ್ದರಿಂದ ಒಪ್ಪಲಿಲ್ಲ. ಬೆಳಿಗ್ಗೆ ಏಳೂವರೆಯಿಂದ ಹನ್ನೆರಡೂವರೆಯವರೆಗೆ ಕೆಲಸ, ಊಟದ ನಂತರ ಎರಡು ಗಂಟೆ ಪಾಠ. ಗಂಬೂಟು, ಕೈಗವಸು, ಮಳೆಗಾಲಕ್ಕೆ ಪ್ಲಾಸ್ಟಿಕ್ ಕೊಪ್ಪೆ. ಉಂಬಳಕ್ಕೆ, ಅಂದರೆ ಜಿಗಣೆಗೆ, ಅವರೇ ಮನೆಯಿಂದ ಹೊಗೆಸೊಪ್ಪಿನ ಪುಡಿ ತರುತ್ತಿದ್ದರು.

ಲಂಟಾನ ತೆಗೆಯುವ ವಿಧಾನವನ್ನು ಮಾತ್ರ ಮೊದಲಿನಿಂದಲೂ ಸರಿಯಾಗಿ ಕಲಿಸಿದೆವು. ಕತ್ತಿಯಿಂದ ನೆಲಮಟ್ಟಕ್ಕೆ ಸವರಿದರೆ ಕಾಂಡವೂ ಬೇರೂ ಕೂಡುವ ಗಂಟಿನಿಂದ ಒಂದಕ್ಕೆ ಹತ್ತಾಗಿ ಚಿಗುರುತ್ತದೆ. ಬುಡದ ಮಣ್ಣನ್ನು ಸ್ವಲ್ಪ ಬಿಡಿಸಿ, ಆ ಗಂಟಿನ ಕೆಳಗೆ, ಅಂದರೆ ನೆಲದಿಂದ ಎರಡು ಮೂರು ಅಂಗುಲ ಆಳದಲ್ಲಿ, ಪಿಕಾಸಿಯ ಅಗಲವಾದ ಅಲಗಿನಿಂದ ತಾಯಿಬೇರನ್ನು ಕಡಿದು, ಇಡೀ ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಲು ಬಿಡಬೇಕು. ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ರೂಪಿಸಿದ ವಿಧಾನ ಇದು. ನೋಡಲು ಸುಲಭ, ಮಾಡಲು ಅಲ್ಲ: ಗಂಟು ಎಲ್ಲಿ ಮುಗಿದು ಬೇರು ಎಲ್ಲಿ ಆರಂಭವಾಗುತ್ತದೆ ಎಂಬುದು ಪ್ರತಿ ಪೊದೆಗೂ ಬೇರೆ, ಅದನ್ನು ಕೈಯೇ ಕಲಿಯಬೇಕು. ಲೈನ್‌ಮನೆಯಿಂದ ಬರುತ್ತಿದ್ದ ಒಬ್ಬ ಹುಡುಗ ಮೂರನೇ ದಿನಕ್ಕೇ ಅಲಗು ತಾಗಿದ ಸದ್ದಿನಿಂದ ಹೇಳುತ್ತಿದ್ದ. ಗಂಟಿಗೆ ತಾಗಿದರೆ ಅಲಗು ಕುಂಯ್ ಎಂದು ಪುಟಿಯುತ್ತದೆ, ಬೇರಿಗೆ ತಾಗಿದರೆ ಸದ್ದಿಲ್ಲದೆ ಒಳಗಿಳಿಯುತ್ತದೆ.

ಎಡವಿದ್ದು ಬೇರೆ ಕಡೆ. ಫೆಬ್ರವರಿಯಿಂದ ಮೇ ಕೊನೆಯವರೆಗೆ, ಒಂದೇ ಬೇಸಿಗೆಯಲ್ಲಿ, ಮುಕ್ಕಾಲು ಇಳಿಜಾರನ್ನು ತೆರವು ಮಾಡಿದೆವು. ದಾನಿಗಳಿಗೆ ತೋರಿಸಲು ಕೆಲಸ ಕಣ್ಣಿಗೆ ಕಾಣಬೇಕಿತ್ತು. ಯುವಕರಿಗೂ ತೆರವಾದ ಜಾಗ ಕಂಡಷ್ಟು ಹುರುಪು. ತೋಟವೊಂದರಲ್ಲಿ ನಲವತ್ತು ವರ್ಷ ರೈಟರ್, ಅಂದರೆ ಆಳು ಮತ್ತು ಕೆಲಸದ ಲೆಕ್ಕ ಬರೆಯುವವರು, ಆಗಿದ್ದು ನಿವೃತ್ತರಾದ ಒಬ್ಬರು ಸಂಜೆ ವಾಯುವಿಹಾರಕ್ಕೆ ಬರುತ್ತಿದ್ದರು. ಅವರು ಒಂದು ದಿನ ನಿಂತು ನೋಡಿ, “ಮಳೆಗೆ ಮುಂಚೆ ಇಳಿಜಾರು ಬೋಳಿಸಿದರೆ ಮಣ್ಣು ನಿಲ್ಲೋದಿಲ್ಲ, ಮಕ್ಕಳೇ” ಎಂದರು. ಆ ಮಾತನ್ನು ನಾನು ಕೇಳಿಸಿಕೊಂಡೆ, ಆದರೆ ಕೆಲಸದ ಯೋಜನೆಯಲ್ಲಿ ಅದಕ್ಕೆ ಜಾಗ ಕೊಡಲಿಲ್ಲ.

ಜೂನ್ ಕೊನೆ, ಜುಲೈ ಮೊದಲ ವಾರದಲ್ಲಿ 360 ಸಸಿಗಳನ್ನು ನೆಟ್ಟೆವು. ಸಂಪಿಗೆ, ಧೂಪ, ನೇರಳೆ, ಹೆಬ್ಬಲಸು, ಹೊಳೆಮತ್ತಿ, ಹೊಂಗೆ. ಹೆಚ್ಚಿನವು ಬೇರೆ ಬೇರೆ ನರ್ಸರಿಗಳಲ್ಲಿ ಉಳಿದುಹೋಗಿದ್ದ, ಎರಡು ಮೂರು ವರ್ಷ ಚೀಲದಲ್ಲೇ ಬೆಳೆದಿದ್ದ ಗಿಡಗಳು. ಎತ್ತರವಾಗಿದ್ದವು ಎಂದು ಖುಷಿಪಟ್ಟಿದ್ದೆವು.

ಜುಲೈ ಮೂರನೇ ವಾರದ ಮಳೆಗೆ ಇಳಿಜಾರಿನ ಮಧ್ಯಭಾಗದ ಮೇಲ್ಮಣ್ಣು ಸರಿಯಿತು. ಗುಡ್ಡ ಕುಸಿತವೇನಲ್ಲ, ಒಂದು ಕೊಠಡಿಯಷ್ಟು ಅಗಲದ ಮಣ್ಣು ಸಸಿಗಳ ಸಮೇತ ತೋಡಿಗೆ ಇಳಿಯಿತು, ನೀರು ಮೂರು ದಿನ ಕೆಂಪಾಗಿ ಹರಿಯಿತು. ಆದರೆ 2018ರ ಆಗಸ್ಟ್ ಅನ್ನು ಕಂಡ ಜಿಲ್ಲೆ ಇದು. ಆ ತಿಂಗಳು ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟಗಳು ಜಾರಿ ಮನೆಗಳೂ ತೋಟಗಳೂ ಹೋದದ್ದನ್ನು ಈ ಬಡಾವಣೆಯವರಲ್ಲಿ ಕೆಲವರು ಸಂತ್ರಸ್ತರ ಕೇಂದ್ರಗಳಲ್ಲಿ ಅಡುಗೆ ಮಾಡುತ್ತ ಕೇಳಿದ್ದರು, ಒಂದೆರಡು ಮನೆಯವರು ಸ್ವತಃ ಅನುಭವಿಸಿ ಇಲ್ಲಿಗೆ ಬಂದಿದ್ದರು. ಮಾರನೆಯ ದಿನ ಉದ್ಯಾನದ ಗೇಟಿನಲ್ಲಿ ಮೂವತ್ತು ಮಂದಿ ಸೇರಿದ್ದರು. “ಪೊದೆಯಾದರೂ ಮಣ್ಣು ಹಿಡಿದಿತ್ತು, ಅದನ್ನೂ ಕಿತ್ತಿರಿ” ಎಂದು ಒಬ್ಬ ತಾಯಿ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಕೆಲಸ ನಿಂತ ಆರು ವಾರ

ಸ್ಥಳೀಯ ಸಂಸ್ಥೆ ಕೆಲಸ ನಿಲ್ಲಿಸಲು ಹೇಳಿತು. ನಮ್ಮ ಮುಂದೆ ಎರಡು ದಾರಿಗಳಿದ್ದವು. ಮೊದಲನೆಯದು, ಮಳೆ ಮುಗಿಯುವವರೆಗೆ ಯುವಕರನ್ನು ಮನೆಗೆ ಕಳಿಸಿ ಭತ್ಯೆಯ ಹಣವನ್ನು ಉಳಿಸುವುದು. ಎರಡನೆಯದು, ಕೈಯಲ್ಲಿ ಹಾರೆಯಿಲ್ಲದ ದಿನಗಳಿಗೂ ಭತ್ಯೆ ಕೊಟ್ಟು, ಏನಾಯಿತೆಂದು ಅವರಿಂದಲೇ ಹುಡುಕಿಸುವುದು. ದಾನಿಗಳಲ್ಲಿ ಒಬ್ಬರಿಗೆ ಎರಡನೆಯದು ಹಿಡಿಸಲಿಲ್ಲ. “ಗಿಡ ನೆಡಲು ಕೊಟ್ಟ ಹಣ, ಲೆಕ್ಕ ಬರೆಯಲು ಅಲ್ಲ” ಎಂದರು. ಎರಡು ಸಲ ಅವರ ಮನೆಗೆ ಹೋಗಿ ಮಾತನಾಡಿ ಒಪ್ಪಿಸಿದೆವು. ಮೂರು ವರ್ಷಗಳನ್ನು ಹಿಂದಿರುಗಿ ನೋಡಿದರೆ ಇಡೀ ಪ್ರಕರಣ ತಿರುಗಿದ್ದು ಅಲ್ಲಿ ಎಂದು ನನಗೆ ಅನ್ನಿಸುತ್ತದೆ.

ನಿವೃತ್ತ ರೈಟರ್ ಅವರ ಬಳಿಗೆ ನಾನೇ ಹೋಗಿ ತಪ್ಪೊಪ್ಪಿಕೊಂಡು, ಹುಡುಗರಿಗೆ ಲೆಕ್ಕ ಬರೆಯಲು ಕಲಿಸಿಕೊಡಿ ಎಂದು ಕೇಳಿದೆ. ಅವರು ಒಂದು ಹಳೆಯ ಚೆಕ್‌ರೋಲ್ ಪುಸ್ತಕ ಹಿಡಿದು ಬಂದರು. ತೋಟದಲ್ಲಿ ಪ್ರತಿದಿನ ಯಾರು ಬಂದರು, ಯಾವ ಬ್ಲಾಕಿನಲ್ಲಿ ಯಾವ ಕೆಲಸ, ಎಷ್ಟು ಆಳು, ಎಷ್ಟು ಮುಗಿಯಿತು ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯುವ ಪದ್ಧತಿ ಅದು. ಅದೇ ಪದ್ಧತಿಯನ್ನು ಸಸಿಗಳಿಗೆ ಹೊಂದಿಸಿಕೊಂಡೆವು: ಪ್ರತಿ ಗುಂಡಿಗೂ ಸಂಖ್ಯೆ, ಜಾತಿ, ನೆಟ್ಟ ದಿನ, ನೆಟ್ಟವರು, ಈಗಿನ ಸ್ಥಿತಿ, ಸತ್ತಿದ್ದರೆ ಕಾರಣ. ಕಾರಣದ ಕಾಲಮ್ಮಿನಲ್ಲಿ ‘ಮಳೆ’ ಎಂದು ಮಾತ್ರ ಬರೆಯಬಾರದು ಎಂಬುದು ರೈಟರ್ ಅವರ ಕಟ್ಟಪ್ಪಣೆ. ಸತ್ತ ಸಸಿಯನ್ನು ಕಿತ್ತು, ಬೇರು ಬಿಡಿಸಿ ನೋಡಿ ಬರೆಯಬೇಕು.

ನವೆಂಬರ್-ಡಿಸೆಂಬರಿನ ಸುಗ್ಗಿಹಬ್ಬ ಪುತ್ತರಿಯ ಹೊತ್ತಿಗೆ ಮುಗಿದ ಕೊನೆಯ ಎಣಿಕೆಯಲ್ಲಿ 360ರಲ್ಲಿ 112 ಸಸಿಗಳು ಬದುಕಿದ್ದವು. ಸತ್ತ 248ರಲ್ಲಿ ಮಣ್ಣಿನೊಡನೆ ಹೋದವು ಅಥವಾ ಹೂತವು 97. ಚೀಲದಲ್ಲಿ ಬಹಳ ಕಾಲ ಇದ್ದು ಬೇರು ಸುರುಳಿ ಸುತ್ತಿ, ನೆಟ್ಟ ಮೇಲೂ ಆ ಸುರುಳಿಯಿಂದ ಹೊರಗೆ ಬಾರದವು 64. ದನ, ಆಡು ತಿಂದವು 41. ಕಾರಣ ತಿಳಿಯದವು 18. ಉಳಿದ 28ನ್ನು ನೋಡಿ ಎಲ್ಲರೂ ಸುಮ್ಮನಾದರು: ಸ್ವಾತಂತ್ರ್ಯ ದಿನಾಚರಣೆಗೆ ಉದ್ಯಾನವನ್ನು ಚೊಕ್ಕಟ ಮಾಡಲು ಬಂದ ಗುತ್ತಿಗೆಯ ಕೆಲಸಗಾರರು ಕಳೆ ಕೊಚ್ಚುವ ಯಂತ್ರದಿಂದ ಕತ್ತರಿಸಿದ್ದ ಸಸಿಗಳು ಅವು. ಅವರಿಗೆ ಅದು ಸಸಿಯೆಂದು ಗೊತ್ತಾಗುವಂತೆ ನಾವು ಏನನ್ನೂ ಮಾಡಿರಲಿಲ್ಲ.

ಬೇರಿನ ಸುರುಳಿಯನ್ನು ಮೊದಲು ಗುರುತಿಸಿದ್ದು ಪಿಯುಸಿಯಲ್ಲಿ ಅನುತ್ತೀರ್ಣಳಾಗಿ ಎರಡು ವರ್ಷ ಮನೆಯಲ್ಲಿದ್ದ ಒಬ್ಬ ಹುಡುಗಿ. ಸತ್ತ ಸಂಪಿಗೆಯೊಂದನ್ನು ತೋಡಿನಲ್ಲಿ ತೊಳೆದು ತಂದು ಮೇಜಿನ ಮೇಲಿಟ್ಟಳು. ನಾಲ್ಕಡಿ ಎತ್ತರದ ಗಿಡದ ಬೇರು ಒಂದು ಲೋಟದ ಆಕಾರದಲ್ಲಿತ್ತು. ಹೊರಗೆ ಒಂದೇ ಒಂದು ಎಳೆ ಕೂಡ ಚಾಚಿರಲಿಲ್ಲ. “ಇದು ಚೀಲದಿಂದ ಹೊರಗೇ ಬಂದಿಲ್ಲ ಅಕ್ಕ” ಎಂದಳು. ಮಧ್ಯಾಹ್ನದ ಪಾಠಗಳಲ್ಲಿ ನಾನು ತಿಂಗಳುಗಟ್ಟಲೆ ಬರೆಸಿದ್ದ ಸಸ್ಯನಾಮಗಳಲ್ಲಿ ಯಾವುದೂ ಅವರಿಗೆ ನೆನಪಿರಲಿಲ್ಲ. ಆ ಬೇರನ್ನು ಯಾರೂ ಮರೆಯಲಿಲ್ಲ. ನಂತರ ನರ್ಸರಿಗಳಿಗೆ ಹೋದಾಗ ಅವರು ಎತ್ತರದ ಗಿಡ ಕೇಳಲಿಲ್ಲ, ಚೀಲದ ತಳದಲ್ಲಿ ಬೆರಳಾಡಿಸಿ ಬೇರು ಗಟ್ಟಿಯಾಗಿ ಸುತ್ತಿದೆಯೇ ಎಂದು ನೋಡತೊಡಗಿದರು.

ಕೊಯ್ಲು ಮತ್ತು ಒಂದು ಬೀಗದಕೈ

ನವೆಂಬರ್ ಕೊನೆಯಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತಿದ್ದಂತೆ ಐದು ಮಂದಿ ಬರುವುದನ್ನು ನಿಲ್ಲಿಸಿದರು. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದಲ್ಲಿ ದುಡಿದರೆ ನಮ್ಮ ದಿನಭತ್ಯೆಯ ಎರಡರಷ್ಟು ಸಿಗುತ್ತಿತ್ತು. ಮನೆಯವರಿಗೆ ವರ್ಷದ ಸಾಲ ತೀರಿಸುವ ಕಾಲ ಅದು. ಮೊದಲಿಗೆ ನಾನು ಅದನ್ನು ನಿಷ್ಠೆಯ ಕೊರತೆಯೆಂದು ತಿಳಿದು ಬೇಸರಪಟ್ಟೆ. ಅದು ನನ್ನ ತಪ್ಪು. ಕೊಡಗಿನಲ್ಲಿ ಯುವಜನರಿಗೆ ತರಬೇತಿ ನಡೆಸುವವರು ಕಾಫಿಯ ಕ್ಯಾಲೆಂಡರನ್ನು ಎದುರಿಟ್ಟುಕೊಂಡು ದಿನಗಳನ್ನು ಗೊತ್ತು ಮಾಡಬೇಕು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ವಾರಕ್ಕೆ ಒಂದೇ ದಿನ, ಭಾನುವಾರ, ಎಣಿಕೆ ಮತ್ತು ನೀರುಣಿಸುವ ಕೆಲಸ ಮಾತ್ರ ಎಂದು ಬದಲಿಸಿದೆವು. ಹೋದ ಐವರಲ್ಲಿ ಮೂವರು ಮರಳಿದರು. ಅವರಲ್ಲಿ ಒಬ್ಬ, ಕೊಯ್ಲಿಗೆ ಹೋಗಿದ್ದ ತೋಟದಲ್ಲಿ ನೆರಳಿಗೆ ಬೆಳೆಸುವ ಹಾಲುವಾಣ ಮರದ ಗೂಟಗಳನ್ನು ಎಷ್ಟು ಅಂತರದಲ್ಲಿ ನೆಟ್ಟಿದ್ದಾರೆಂದು ಅಳೆದು ಬರೆದುಕೊಂಡು ಬಂದಿದ್ದ.

ಇಬ್ಬರು ಯುವತಿಯರು ಮಧ್ಯಾಹ್ನದ ಪಾಠಕ್ಕೆ ನಿಲ್ಲದೆ ಹೋಗುತ್ತಿದ್ದ ಕಾರಣ ನಮಗೆ ಏಳು ತಿಂಗಳು ತಿಳಿಯಲಿಲ್ಲ. ಉದ್ಯಾನದ ಶೌಚಾಲಯಕ್ಕೆ ಬೀಗ ಹಾಕಿತ್ತು. ಬೀಗದಕೈ ಗುತ್ತಿಗೆದಾರರ ಬಳಿ ಇತ್ತು, ಅವರು ಬೆಳಿಗ್ಗೆ ಒಂದು ಗಂಟೆ ಹೊತ್ತು ಮಾತ್ರ ತೆರೆಯುತ್ತಿದ್ದರು. ಯುವಕರಿಗೆ ಅದು ತೊಂದರೆಯಾಗಿರಲಿಲ್ಲ, ಆದ್ದರಿಂದ ವಿಷಯವೇ ಎದ್ದಿರಲಿಲ್ಲ. ಎರಡನೇ ಬೀಗದಕೈ ಪಡೆಯಲು ಮೂರು ಅರ್ಜಿ, ಒಂದು ತಿಂಗಳು ಬೇಕಾಯಿತು. ಅದು ಸಿಕ್ಕ ಮಾರನೆಯ ದಿನದಿಂದ ಆ ಇಬ್ಬರೂ ಸಂಜೆಯವರೆಗೆ ನಿಂತರು. ಹೆಣ್ಣುಮಕ್ಕಳು ಹೊರಗಿನ ಕೆಲಸದಲ್ಲಿ ಆಸಕ್ತಿ ತೋರಿಸುವುದಿಲ್ಲ ಎಂದು ನನ್ನೆದುರು ಹೇಳುವವರಿಗೆ ನಾನು ಈಗ ಮೊದಲು ಕೇಳುವುದು ಶೌಚಾಲಯದ ಕೀಲಿ ಯಾರ ಬಳಿ ಇದೆ ಎಂದು.

ಎರಡನೇ ವರ್ಷ: ನಿರ್ಧಾರ ಅವರದು

ಎರಡನೇ ವರ್ಷ ಕೆಲಸದ ರಚನೆಯನ್ನೇ ಬದಲಿಸಿದೆವು. ಉಳಿದ ಇಳಿಜಾರನ್ನು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತುಂಡುಗಳಾಗಿ ಹಗ್ಗ ಕಟ್ಟಿ ಗುರುತಿಸಿ, ಇಬ್ಬಿಬ್ಬರಿಗೆ ಹಂಚಿದೆವು. ಅಲ್ಲಿ ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು, ಏನನ್ನು ಯಾವಾಗ ನೆಡಬೇಕು ಎಂಬುದೆಲ್ಲ ಆ ಇಬ್ಬರ ನಿರ್ಧಾರ. ಷರತ್ತು ಒಂದೇ: ಮಾಡುವ ಮೊದಲು ಕಾರಣವನ್ನು ಪುಸ್ತಕದಲ್ಲಿ ಬರೆಯಬೇಕು. ತಪ್ಪು ನಿರ್ಧಾರಗಳೂ ಬಂದವು. ಒಂದು ಜೋಡಿ ತೋಡಿನ ಅಂಚಿನ ಜರಿಗಿಡಗಳನ್ನೆಲ್ಲ ಕಳೆಯೆಂದು ತೆಗೆದುಹಾಕಿತು. ತಡೆಯಬೇಕೆಂದು ನನಗೆ ಬಾಯಿಗೆ ಬಂದಿತ್ತು. ಬರೆದ ಕಾರಣವನ್ನು ಮಾತ್ರ ಓದಿ ಬಿಟ್ಟೆ. ಮೊದಲ ಮಳೆಗೆ ಅಂಚು ಕೊರೆದದ್ದನ್ನು ಅವರೇ ನೋಡಿ, ಮೇಲಿನಿಂದ ಜರಿಯನ್ನು ತಂದು ಮತ್ತೆ ಕೂರಿಸಿದರು.

ತೆರವನ್ನು ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ಮಾಡುವುದೆಂದು ಗುಂಪು ತೀರ್ಮಾನಿಸಿತು. ಒಂದು ಪಟ್ಟಿ ತೆಗೆದರೆ ಅದರ ಕೆಳಗಿನ ಪಟ್ಟಿಯ ಲಂಟಾನವನ್ನು ಹಾಗೇ ಬಿಡುವುದು, ಕಿತ್ತ ಕಡ್ಡಿಗಳನ್ನು ಅಡ್ಡಕ್ಕೆ ಸಾಲಾಗಿ ಜೋಡಿಸಿ ಗೂಟ ಹೊಡೆದು ಮಣ್ಣನ್ನು ತಡೆಯುವುದು, ಅದರ ಬೆನ್ನಿಗೆ ಲಾವಂಚದ ಸಾಲು. ಮೊದಲ ವರ್ಷ ಧೂಪ, ಸಂಪಿಗೆಗಳು ಬಯಲಿನ ಬಿಸಿಲಿಗೆ ಸೊರಗಿದ್ದನ್ನು ಕಂಡಿದ್ದರಿಂದ, ಕಾಫಿ ತೋಟದಲ್ಲಿ ತಾತ್ಕಾಲಿಕ ನೆರಳಿಗೆ ಮಾಡುವಂತೆ ಜೂನಿನಲ್ಲಿ ಹಾಲುವಾಣದ ಗೂಟಗಳನ್ನು ಊರಿ, ಅವು ಚಿಗುರಿದ ಮೇಲೆ ಅವುಗಳ ಅಡಿಯಲ್ಲಿ ನೆರಳು ಬಯಸುವ ಸಸಿಗಳನ್ನು ಇಡುವುದೆಂದಾಯಿತು. ನೆಡುವ ಕಾಲವನ್ನು ಜುಲೈನಿಂದ ತೆಗೆದು, ಮಳೆಯ ಬಿರುಸು ಇಳಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದ ಹಬ್ಬವಾದ ಕೈಲ್‌ಪೊಳ್ದಿನ ನಂತರಕ್ಕೆ ಹಾಕಿದರು. ಇವುಗಳಲ್ಲಿ ಒಂದೂ ಪುಸ್ತಕದಿಂದ ಬಂದ ಉಪಾಯವಲ್ಲ. ಅವರ ಅಪ್ಪ ಅಮ್ಮಂದಿರು ತೋಟಗಳಲ್ಲಿ ಮಾಡುತ್ತಲೇ ಬಂದಿದ್ದ ಕೆಲಸಗಳು. ಮನೆಯಲ್ಲಿ ಅಪ್ಪನನ್ನು ಕೇಳಿ ಬರೆದುಕೊಂಡು ಬರುವ ಹುಡುಗನನ್ನು ನೋಡಿದಾಗ ನನಗೆ ಬಹಳ ಸಂತೋಷವಾಯಿತು.

ಬೀಜದ ವಿಷಯದಲ್ಲಿ ಒಂದು ಪಾಠ ಕಲಿತೆವು. ನರ್ಸರಿಯ ಹಳೆಯ ಗಿಡ ಬೇಡವೆಂದ ಮೇಲೆ ಸ್ವಂತ ಸಸಿಮಡಿ ಮಾಡಬೇಕಾಯಿತು. ನೇರಳೆ, ಹೆಬ್ಬಲಸಿನ ಬೀಜಗಳು ಒಣಗಿಸಿ ಇಡುವಂಥವಲ್ಲ, ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತವೆ. ಒಳ್ಳೆಯ ತಾಯಿಮರಗಳು ಉಳಿದಿದ್ದದ್ದು ಸಮೀಪದ ಒಂದು ದೇವರಕಾಡಿನಲ್ಲಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿಂದ ಒಂದು ಕಡ್ಡಿಯನ್ನೂ ಹೊರಗೆ ಒಯ್ಯಬಾರದೆಂಬ ಕಟ್ಟಳೆಯನ್ನು ಊರವರು ಪಾಲಿಸುವ ಕಡೆಯೆಲ್ಲ ಅವು ಉಳಿದಿವೆ. ಗುಂಪಿನಲ್ಲಿ ಇಬ್ಬರು, ಬಿದ್ದ ಬೀಜ ತಂದರೆ ಯಾರಿಗೆ ತಿಳಿಯುತ್ತದೆ ಎಂದರು, ಉಳಿದವರು ಒಪ್ಪಲಿಲ್ಲ. ನಾಲ್ವರು ಹೋಗಿ ಊರಿನ ಹಿರಿಯ ಮುಖ್ಯಸ್ಥರಾದ ತಕ್ಕರನ್ನು ಕಂಡು ಕೇಳಿದರು. ಒಳಗಿನಿಂದ ಏನೂ ತರುವಂತಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೆ ಕಾಡಿನ ಅಂಚಿನ ರಸ್ತೆಗೆ ಬಾಗಿದ ಮರಗಳಿಂದ ರಸ್ತೆಗೆ ಬಿದ್ದದ್ದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ ಎಂದರು. ರಸ್ತೆಯಿಂದ ಎರಡು ಬುಟ್ಟಿ ಬೀಜ ಸಿಕ್ಕಿತು. ಮುಂದಿನ ವರ್ಷ ಬೀಜ ಬೀಳುವ ಹೊತ್ತಿಗೆ ತಕ್ಕರೇ ಹೇಳಿ ಕಳುಹಿಸಿದರು. ಹೋಗಿ ಕೇಳುವುದು, ಇಲ್ಲವೆಂದಾಗ ಸುಮ್ಮನಿರುವುದು, ಸಿಕ್ಕಷ್ಟಕ್ಕೆ ಮರ್ಯಾದೆ ಕೊಡುವುದು ಕೂಡ ಈ ಉದ್ಯೋಗದ ಕೌಶಲಗಳೇ ಎಂದು ನಾನು ತಿಳಿದದ್ದು ಆಗ.

ಲಂಟಾನದ ಕಡ್ಡಿಗಳಿಂದ ವಸ್ತುಗಳನ್ನು ಮಾಡುವ ಪ್ರಯತ್ನ ಫಲ ಕೊಡಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಕೇಳಿ ಎರಡು ತಿಂಗಳು ಯತ್ನಿಸಿದೆವು. ಕಡ್ಡಿ ಬೇಯಿಸಿ ಸಿಪ್ಪೆ ಸುಲಿದು ಬಗ್ಗಿಸುವುದು ವರ್ಷಗಳ ಅಭ್ಯಾಸ ಬೇಡುವ ಕೈಕೆಲಸ, ಬಿಟ್ಟೆವು.

ಎಷ್ಟು ಆಳು, ಎಷ್ಟು ದಿನ?

ಎರಡನೇ ವರ್ಷದ ಜನವರಿಯಲ್ಲಿ ಹೋಂಸ್ಟೇ ನಡೆಸುವ ಒಬ್ಬರು ಉದ್ಯಾನಕ್ಕೆ ಬಂದು ಕೆಲಸ ನೋಡಿ, ತಮ್ಮ ಮನೆಯ ಹಿಂದಿನ ಅರ್ಧ ಎಕರೆ ಲಂಟಾನ ತೆಗೆಯಬೇಕು, ಎಷ್ಟು ಆಳು, ಎಷ್ಟು ದಿನ, ಎಷ್ಟು ಹಣ ಎಂದು ಕೇಳಿದರು. ಯಾರ ಬಳಿಯೂ ಉತ್ತರವಿರಲಿಲ್ಲ. “ನೋಡಿ ಹೇಳ್ತೇವೆ ಸಾರ್” ಎಂದು ಕಳಿಸಿದರು, ಅವರು ಬೇರೆಯವರಿಗೆ ಕೆಲಸ ಕೊಟ್ಟರು.

ಆ ವಾರ ಗುಂಪು ತಾನಾಗಿಯೇ ಚೆಕ್‌ರೋಲನ್ನು ಬಿಚ್ಚಿ ಕುಳಿತಿತು. ಒಂದು ವರ್ಷದ ಪ್ರತಿದಿನದ ಲೆಕ್ಕ ಅಲ್ಲಿ ಇತ್ತು, ಅದನ್ನು ಯಾರೂ ಕೂಡಿಸಿ ನೋಡಿರಲಿಲ್ಲ. ಕಡಿದಾದ ಜಾಗದಲ್ಲಿ ದಟ್ಟ ಲಂಟಾನವಿದ್ದರೆ ಇಬ್ಬರು ಒಂದು ದಿನಕ್ಕೆ ಸುಮಾರು 60 ಚದರ ಮೀಟರ್ ತೆಗೆದಿದ್ದರು. ಸಮತಟ್ಟಿನಲ್ಲಿ, ಪೊದೆ ವಿರಳವಾಗಿದ್ದಲ್ಲಿ 110ರವರೆಗೆ. ಆರು ತಿಂಗಳ ನಂತರ ಮತ್ತೆ ಚಿಗುರಿದ್ದನ್ನು ಕೀಳಲು ಮೊದಲ ಕೆಲಸದ ಐದನೇ ಒಂದು ಪಾಲು ಆಳು ಬೇಕಾಗಿತ್ತು. ಈ ಮೂರು ಅಂಕಿಗಳು ಕೈಗೆ ಬಂದ ದಿನದಿಂದ ಅವರ ಮಾತಿನ ಧಾಟಿಯೇ ಬದಲಾಯಿತು. ಮುಂದಿನ ಸಲ ಕೇಳಲು ಬಂದವರಿಗೆ ಜಾಗ ಅಳೆದು, ಎರಡನೇ ಸಲದ ಕೆಲಸವನ್ನೂ ಸೇರಿಸಿ ಕಾಗದದಲ್ಲಿ ಬರೆದು ಕೊಟ್ಟರು.

ಫಲಿತಾಂಶ

ಎರಡನೇ ವರ್ಷ ನೆಟ್ಟ 140 ಸಸಿಗಳಲ್ಲಿ ಒಂದು ಬೇಸಿಗೆ ಕಳೆದ ಮೇಲೆ 103 ಬದುಕಿದ್ದವು. ಪ್ರತಿಯೊಂದಕ್ಕೂ ಕೆಂಪು ಬಟ್ಟೆ ಕಟ್ಟಿದ ಗೂಟವಿತ್ತು. ಕಳೆ ಕೊಚ್ಚುವವರ ಮೇಸ್ತ್ರಿಯನ್ನು ಮೊದಲೇ ಕರೆದು, ಚಹಾ ಕೊಟ್ಟು, ಇಳಿಜಾರಿನ ಒಂದೊಂದು ತುಂಡಿನಲ್ಲೂ ನಡೆಸಿ ತೋರಿಸಿದ್ದರು. ಆ ವರ್ಷ ಯಂತ್ರಕ್ಕೆ ಸಿಕ್ಕಿದ್ದು ಒಂದೇ ಸಸಿ. ಇಳಿಜಾರು ಎರಡು ಮಳೆಗಾಲಗಳಿಗೆ ಕದಲಿಲ್ಲ. ಆದರೆ ಕೆಲಸ ಮುಗಿದಿದೆಯೆಂದು ಹೇಳುವಂತಿಲ್ಲ. ಪಿಕಳಾರ ಹಕ್ಕಿಗಳು ಕೂರುವ ತಂತಿಯ ಕೆಳಗೆ, ಅತ್ತಿಮರದ ಕೆಳಗೆ ಪ್ರತಿ ಮಳೆಗೂ ಲಂಟಾನದ ಹೊಸ ಸಸಿಗಳು ಏಳುತ್ತವೆ. ವೆಡೇಲಿಯದ ಒಂದು ತುಂಡು ಉಳಿದರೂ ಅದು ಬೇರು ಬಿಡುತ್ತದೆ; ತೋಡಿನ ಅಂಚಿನಲ್ಲಿ ಅದನ್ನು ಇನ್ನೂ ಗೆದ್ದಿಲ್ಲ.

ಯುವಕರ ಲೆಕ್ಕ ಹೀಗಿದೆ. ಹದಿನಾಲ್ಕರಲ್ಲಿ ಇಬ್ಬರು ಕೊಯ್ಲಿಗೆ ಹೋದವರು ಮರಳಲಿಲ್ಲ. ಒಬ್ಬಳು ಮದುವೆಯಾಗಿ ಬೇರೆ ಜಿಲ್ಲೆಗೆ ಹೋದಳು. ಉಳಿದ ಹನ್ನೊಂದು ಮಂದಿಯಲ್ಲಿ ಮೂವರು ನರ್ಸರಿ ಮತ್ತು ಹೋಂಸ್ಟೇಗಳಲ್ಲಿ ಕಾಯಂ ಕೆಲಸದಲ್ಲಿದ್ದಾರೆ. ಸುರುಳಿಬೇರನ್ನು ತೋರಿಸಿದ ಹುಡುಗಿ ಅವರಲ್ಲಿ ಒಬ್ಬಳು, ಈಗ ನರ್ಸರಿಯಲ್ಲಿ ಚೀಲ ಬದಲಿಸುವ ಕೆಲಸದ ಮೇಲ್ವಿಚಾರಣೆ ಅವಳದು. ಇಬ್ಬರು ತೋಟಗಳಲ್ಲಿ ಸಹಾಯಕ ರೈಟರ್ ಆಗಿದ್ದಾರೆ. ಇಬ್ಬರು ಸೇರಿ ಲಂಟಾನ ತೆರವು ಮತ್ತು ಉದ್ಯಾನ ನಿರ್ವಹಣೆಯ ಸಣ್ಣ ಗುತ್ತಿಗೆ ನಡೆಸುತ್ತಿದ್ದಾರೆ. ಒಬ್ಬ ಅರಣ್ಯದಲ್ಲಿ ಹಂಗಾಮಿ ವಾಚರ್. ಒಬ್ಬಳು ಪಿಯುಸಿ ಮತ್ತೆ ಬರೆದು ತೇರ್ಗಡೆಯಾಗಿ ಪದವಿಗೆ ಸೇರಿದ್ದಾಳೆ. ಇಬ್ಬರು ಮೈಸೂರು, ಬೆಂಗಳೂರಿನಲ್ಲಿ ಬೇರೆ ಕೆಲಸದಲ್ಲಿದ್ದಾರೆ. ಅವರಿಗೆ ನಮ್ಮ ತರಬೇತಿಯಿಂದ ಉದ್ಯೋಗ ಸಿಕ್ಕಿತೆಂದು ಹೇಳಲಾರೆ.

ಕೆಲಸ ಕೊಟ್ಟವರನ್ನು ನಾನು ಹೋಗಿ ಕೇಳಿದೆ. ನಾವು ಅಚ್ಚು ಹಾಕಿಸಿ ಕೊಟ್ಟ ಪ್ರಮಾಣಪತ್ರವನ್ನು ಒಬ್ಬರೂ ನೋಡಿರಲಿಲ್ಲ. ಕೇಂದ್ರ ಪರಿಸರ ಸಚಿವಾಲಯ 2017ರಲ್ಲಿ ಆರಂಭಿಸಿದ ಹಸಿರು ಕೌಶಲ ಅಭಿವೃದ್ಧಿ ಕಾರ್ಯಕ್ರಮದಂಥ ಮಾನ್ಯತೆಯಿರುವ ತರಬೇತಿಗೆ ಜೋಡಿಸಿದ್ದರೆ ಕಾಗದಕ್ಕೂ ಬೆಲೆ ಬರುತ್ತಿತ್ತೇನೋ. ಆ ಪ್ರಯತ್ನವನ್ನು ಮೊದಲ ವರ್ಷವೇ ಮಾಡಬೇಕಿತ್ತು, ಮಾಡಲಿಲ್ಲ. ಅವರು ನೋಡಿದ್ದು ಚೆಕ್‌ರೋಲ್ ಪುಸ್ತಕವನ್ನು. ತೋಟದ ಮಾಲೀಕರೊಬ್ಬರು ಸತ್ತ ಸಸಿಗಳ ಪುಟಗಳನ್ನು ಅರ್ಧ ಗಂಟೆ ತಿರುವಿ ಹಾಕಿ, “ಇಷ್ಟು ಸತ್ತಿದೆ ಅಂತ ಬರೆದಿಟ್ಟವನು ನನಗೆ ಬೇಕು” ಎಂದರಂತೆ.

ಹೀಗೆ ಕೆಲಸ ಆರಂಭಿಸುವವರು ಹಣದ ಲೆಕ್ಕ ಹಾಕುವಾಗಲೇ ಎಣಿಕೆಯ ದಿನಗಳಿಗೆ, ಕಾರಣ ಹುಡುಕುವ ದಿನಗಳಿಗೆ ಭತ್ಯೆ ಇಡಬೇಕು. ನಾವು ಅದನ್ನು ಅವಘಡವಾದ ಮೇಲೆ ಇಟ್ಟೆವು. ಸಸಿಗಳ ಸಂಖ್ಯೆಯನ್ನು ದಾನಿಗಳಿಗೆ ಗುರಿಯಾಗಿ ಕೊಡಬಾರದು; 360 ಎಂಬ ಗುರಿಯೇ ನಮ್ಮನ್ನು ಬೇಸಿಗೆಯಲ್ಲಿ ಇಳಿಜಾರು ಬೋಳಿಸುವಂತೆ ಮಾಡಿತು. ನೆರೆಹೊರೆಯವರನ್ನು ಉದ್ಘಾಟನೆಗಷ್ಟೇ ಕರೆಯದೆ ಇಳಿಜಾರಿನ ನಕ್ಷೆ ಹಾಕುವಾಗಲೇ ಕರೆದಿದ್ದರೆ, ಗೇಟಿನಲ್ಲಿ ಕೇಳಿದ ಮಾತು ನಮಗೆ ಮೂರು ತಿಂಗಳು ಮೊದಲೇ ಕೇಳಿಸುತ್ತಿತ್ತು.

ಮೂರನೇ ವರ್ಷದ ಕೊನೆಗೆ ದಾನಿಗಳ ಹಣ ಮುಗಿಯಿತು. ಉದ್ಯಾನದ ಇಳಿಜಾರಿನ ವಾರ್ಷಿಕ ನಿರ್ವಹಣೆಗೆ ಸ್ಥಳೀಯ ಸಂಸ್ಥೆ ದರಪಟ್ಟಿ ಕರೆದಾಗ, ಗುತ್ತಿಗೆ ನಡೆಸುತ್ತಿರುವ ಆ ಇಬ್ಬರೂ ಒಂದು ದರಪಟ್ಟಿ ಹಾಕಿದರು. ಸಲ್ಲಿಸುವ ಮೊದಲು ನನಗೆ ಓದಲು ಕೊಟ್ಟಿದ್ದರು. ಎರಡು ಪುಟ, ಆಳಿನ ಲೆಕ್ಕ, ಎರಡು ಸಲ ಮರುಚಿಗುರು ಕೀಳುವ ಲೆಕ್ಕ, ಗೂಟ ಮತ್ತು ಕೆಂಪು ಬಟ್ಟೆಯ ಖರ್ಚು. ಕೊನೆಯಲ್ಲಿ ಷರತ್ತುಗಳೆಂದು ಬರೆದು ಕೆಳಗೆ ಅಡಿಗೆರೆ ಎಳೆದಿದ್ದರು. ಮೊದಲನೆಯದು: ಶೌಚಾಲಯದ ಒಂದು ಬೀಗದಕೈ ಕೆಲಸಗಾರರ ಬಳಿ ಇರತಕ್ಕದ್ದು. ಎರಡನೆಯದು: ಮಾರ್ಚ್‌ನಿಂದ ಆಗಸ್ಟ್‌ವರೆಗೆ ಇಳಿಜಾರಿನಲ್ಲಿ ಒಂದು ಪಟ್ಟಿಗಿಂತ ಹೆಚ್ಚು ತೆರವು ಮಾಡಲು ನಮಗೆ ಹೇಳಕೂಡದು.